ಅಮೆರಿಕದ ‘ಮೆರಿಟ್’ ಬೇರೆ

ಕರ್ನಾಟಕದಲ್ಲಿ ಓದಿದವರಿಗೆ ‘ಮೆರಿಟ್’ ಎಂಬುದು ಕನ್ನಡದ್ದೇ ಪದ. ಸುಪ್ರೀಂ ಕೋರ್ಟಿನ 1993ರ ಉನ್ನಿಕೃಷ್ಣನ್ ತೀರ್ಪು ವೃತ್ತಿಶಿಕ್ಷಣ ಕಾಲೇಜುಗಳ ಸೀಟುಗಳನ್ನು ಫ್ರೀ ಸೀಟು, ಪೇಮೆಂಟ್ ಸೀಟು ಎಂದು ವಿಂಗಡಿಸಿತು. ಮರುವರ್ಷ ಸಿಇಟಿ ಬಂತು. ಅಲ್ಲಿಂದಾಚೆಗೆ ಮೆರಿಟ್ ಸೀಟು ಎಂದರೆ ಹುಡುಗಿಯೋ ಹುಡುಗನೋ ರ‍್ಯಾಂಕ್ ಪಟ್ಟಿಯಲ್ಲಿ ತಾನೇ ಗೆದ್ದು ತಂದದ್ದು. ಈ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡೇ ನಮ್ಮವರು ಅಮೆರಿಕದ ಸಣ್ಣ ಕಾಲೇಜುಗಳಿಂದ ಬರುವ ಮೆರಿಟ್ ಸ್ಕಾಲರ್‌ಶಿಪ್ಪಿನ ಪತ್ರ ಓದುತ್ತಾರೆ. ನ್ಯೂಜೆರ್ಸಿಯಲ್ಲಿ ನೆಲೆಸಿದ ಕನ್ನಡ ಕುಟುಂಬವಾಗಲಿ, ಮೈಸೂರಿನಿಂದಲೇ ಅರ್ಜಿ ಹಾಕಿದವರಾಗಲಿ, ‘ವರ್ಷಕ್ಕೆ 30,000 ಡಾಲರ್’ ಎಂಬ ಸಾಲು ಕಂಡರೆ ಮಗುವಿಗೆ ರ‍್ಯಾಂಕ್ ಬಂತೆಂದೇ ಹಿಗ್ಗುತ್ತಾರೆ. ಆ ಹಿಗ್ಗು ಸಹಜ. ಆದರೆ ಆ ಪತ್ರ ರ‍್ಯಾಂಕ್ ಪಟ್ಟಿಯಲ್ಲ. ಅದು ಬೆಲೆಪಟ್ಟಿ.

ಮೊದಲು ವಿಜ್ಞಾನದ ಮಾತು. ಆ ಕಾಲೇಜುಗಳ ಬಗ್ಗೆ ನನಗಿರುವ ಗೌರವ ಅಲ್ಲಿಂದಲೇ ಹುಟ್ಟಿದ್ದು. ಒಂದರಿಂದ ಮೂರು ಸಾವಿರ ವಿದ್ಯಾರ್ಥಿಗಳ, ಬಹುಮಟ್ಟಿಗೆ ಪದವಿಯ ಪಾಠವನ್ನಷ್ಟೇ ಹೇಳುವ ಈ ಕಾಲೇಜುಗಳನ್ನು ಅಲ್ಲಿ ಲಿಬರಲ್ ಆರ್ಟ್ಸ್ ಕಾಲೇಜು ಎನ್ನುತ್ತಾರೆ. ‘ಆರ್ಟ್ಸ್’ ಎಂಬ ಪದ ಕೇಳಿದೊಡನೆ ನಮ್ಮ ತಂದೆತಾಯಂದಿರು ಪುಟ ತಿರುವಿಬಿಡುತ್ತಾರೆ. ಆದರೆ ಅಲ್ಲಿ ವಿಜ್ಞಾನವೂ ಉಂಟು. ಅಯೋವಾದ ಮೆಕ್ಕೆಜೋಳದ ಹೊಲಗಳ ನಡುವಿನ ಗ್ರಿನೆಲ್ ಕಾಲೇಜಿನಲ್ಲಿ ಗ್ರಾಂಟ್ ಗೇಲ್ ಎಂಬ ಭೌತಶಾಸ್ತ್ರದ ಮೇಷ್ಟ್ರಿದ್ದರು. ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಹೊಸದರಲ್ಲೇ ಅದನ್ನು ತರಿಸಿ ತಮ್ಮ ವಿದ್ಯಾರ್ಥಿಗಳ ಮುಂದಿಟ್ಟರು. ಆ ತರಗತಿಯಲ್ಲಿದ್ದ ರಾಬರ್ಟ್ ನಾಯ್ಸ್ 1949ರಲ್ಲಿ ಪದವಿ ಪಡೆದರು, 1968ರಲ್ಲಿ ಗಾರ್ಡನ್ ಮೂರ್ ಜೊತೆಗೂಡಿ ಇಂಟೆಲ್ ಕಟ್ಟಿದರು. ಅದೇ ಗ್ರಿನೆಲ್‌ನಲ್ಲಿ 1970ರಲ್ಲಿ ಪದವಿ ಮುಗಿಸಿದ ಥಾಮಸ್ ಚೆಕ್ ಅವರಿಗೆ 1989ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ವೆಂಕಟರಾಮನ್ ರಾಮಕೃಷ್ಣನ್ ಅವರೊಡನೆ 2009ರ ನೊಬೆಲ್ ಹಂಚಿಕೊಂಡ ಥಾಮಸ್ ಸ್ಟೈಟ್ಜ್ ಓದಿದ್ದು ವಿಸ್ಕಾನ್ಸಿನ್ನಿನ ಲಾರೆನ್ಸ್‌ನಲ್ಲಿ. ಜೀನ್ ತಿದ್ದುವ ಕ್ರಿಸ್ಪರ್ ತಂತ್ರಕ್ಕಾಗಿ 2020ರಲ್ಲಿ ನೊಬೆಲ್ ಪಡೆದವರಲ್ಲಿ ಒಬ್ಬರಾದ ಜೆನಿಫರ್ ಡೌಡ್ನಾ ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜಿನಲ್ಲಿ ಓದಿದವರು.

ಹೆಸರುಗಳ ಮಾಲೆ ಪುರಾವೆಯಾಗುವುದಿಲ್ಲ. ಚೆಕ್ ಅವರೇ 1999ರಲ್ಲಿ ‘ಡೀಡಲಸ್’ ಪತ್ರಿಕೆಗೆ ಬರೆದ ಲೇಖನದಲ್ಲಿ ಲೆಕ್ಕ ಕೊಟ್ಟರು: ಪದವೀಧರರ ಸಂಖ್ಯೆಗೆ ಹೋಲಿಸಿದರೆ, ಮುಂದೆ ವಿಜ್ಞಾನದಲ್ಲಿ ಪಿಎಚ್‌.ಡಿ. ಮಾಡುವವರು ಒಟ್ಟಾರೆ ಕಾಲೇಜುಗಳಿಗಿಂತ ಇಂಥ ಕಾಲೇಜುಗಳಿಂದ ಸುಮಾರು ಎರಡು ಪಟ್ಟು ಬರುತ್ತಾರೆ. ಇಲ್ಲೊಂದು ಆಕ್ಷೇಪವಿದೆ, ಅದು ಗಟ್ಟಿಯಾದದ್ದೇ. ವಿಜ್ಞಾನದ ಹುಚ್ಚು ಹಿಡಿದ ಮಕ್ಕಳೇ ಅಲ್ಲಿಗೆ ಹೋದರೆ ಪಿಎಚ್‌.ಡಿ. ಹೆಚ್ಚಾಗುವುದರಲ್ಲಿ ಕಾಲೇಜಿನ ಹಿರಿಮೆ ಎಷ್ಟು? ಹಾಗಾಗಿ ನಾನು ಅಂಕಿಗಿಂತ ಅಲ್ಲಿಯ ದಿನಚರಿಯನ್ನು ನಂಬುತ್ತೇನೆ. ಪ್ರಯೋಗಾಲಯದಲ್ಲಿ ಪಿಎಚ್‌.ಡಿ. ವಿದ್ಯಾರ್ಥಿಗಳೇ ಇಲ್ಲದಿದ್ದರೆ ಪ್ರೊಫೆಸರು ತಮ್ಮ ಸಂಶೋಧನೆಯ ಕೆಲಸವನ್ನು ಎರಡನೇ ವರ್ಷದ ಹುಡುಗಿಯ ಕೈಗೇ ಕೊಡಬೇಕಾಗುತ್ತದೆ. ಒರೆಗಾನಿನ ರೀಡ್ ಕಾಲೇಜಿನಲ್ಲಿ 1968ರಿಂದ ಒಂದು ಪುಟ್ಟ ಸಂಶೋಧನಾ ಪರಮಾಣು ರಿಯಾಕ್ಟರ್ ಇದೆ. ಅದನ್ನು ನಡೆಸುವವರು ಲೈಸೆನ್ಸ್ ಪಡೆದ ಪದವಿ ವಿದ್ಯಾರ್ಥಿಗಳು. ಓಹಾಯೋದ ವೂಸ್ಟರ್ ಕಾಲೇಜಿನಲ್ಲಿ 1940ರ ದಶಕದಿಂದಲೂ ಕೊನೆಯ ವರ್ಷದ ಪ್ರತಿಯೊಬ್ಬ ವಿದ್ಯಾರ್ಥಿ ಒಬ್ಬ ಅಧ್ಯಾಪಕರ ಎದುರು ಕೂತು ವರ್ಷವಿಡೀ ಒಂದು ಸ್ವಂತ ಸಂಶೋಧನೆ ಮಾಡಬೇಕು. ಮಾಡದೆ ಪದವಿ ಇಲ್ಲ. ದೊಡ್ಡ ವಿಶ್ವವಿದ್ಯಾಲಯದಲ್ಲಿ ಇಂಥ ಅವಕಾಶ ಬೆನ್ನುಹತ್ತಿ ಹೋದವರಿಗೆ ಮಾತ್ರ. ಇಲ್ಲಿ ಅದು ಎಲ್ಲರ ಪಾಲಿಗೂ ಬರುತ್ತದೆ.

ಕೊರತೆಗಳೂ ಇವೆ. ಭೌತಶಾಸ್ತ್ರ ವಿಭಾಗದಲ್ಲಿ ಇರುವುದೇ ನಾಲ್ಕೈದು ಜನ ಅಧ್ಯಾಪಕರು ಎಂದುಕೊಳ್ಳಿ. ಒಬ್ಬರು ವರ್ಷದ ರಜೆಯ ಮೇಲೆ ಹೋದರೆ ಕ್ವಾಂಟಮ್ ಮೆಕ್ಯಾನಿಕ್ಸ್ ಆ ವರ್ಷ ಇಲ್ಲ. ಮೇಲ್ಮಟ್ಟದ ಕೋರ್ಸುಗಳು ಎರಡು ವರ್ಷಕ್ಕೊಮ್ಮೆ ಬರುವುದು ಸಾಮಾನ್ಯ. ಎಂಜಿನಿಯರಿಂಗ್ ಎಷ್ಟೋ ಕಡೆ ಇರುವುದೇ ಇಲ್ಲ. ಕಾಲೇಜಿನ ಕೈಪಿಡಿಯಲ್ಲಿ ಅಚ್ಚಾಗಿರುವ ಕೋರ್ಸುಗಳ ಪಟ್ಟಿ ನೋಡಿ ಮೋಸಹೋಗುವವರು ಬಹಳ ಮಂದಿ. ಕಳೆದ ನಾಲ್ಕು ಸೆಮಿಸ್ಟರುಗಳಲ್ಲಿ ನಿಜಕ್ಕೂ ನಡೆದ ತರಗತಿಗಳ ವೇಳಾಪಟ್ಟಿಯನ್ನು ಕೇಳಿ ಪಡೆಯಬೇಕು. ರಸಾಯನಶಾಸ್ತ್ರವಾದರೆ ಅಮೆರಿಕನ್ ಕೆಮಿಕಲ್ ಸೊಸೈಟಿಯ ಮನ್ನಣೆ ಆ ವಿಭಾಗಕ್ಕಿದೆಯೇ ಎಂದೂ ನೋಡಬಹುದು.

ಇನ್ನು ದುಡ್ಡಿನ ವಿಚಾರ. ಇಲ್ಲಿ ನನ್ನ ಗೌರವ ತಗ್ಗುತ್ತದೆ. ವಿಲಿಯಮ್ಸ್, ಆಮ್ಹರ್ಸ್ಟ್, ಪೊಮೋನಾದಂಥ ಕಾಲೇಜುಗಳು ಮೆರಿಟ್ ಹಣ ಕೊಡುವುದಿಲ್ಲ. ಕುಟುಂಬದ ಆದಾಯ ನೋಡಿ, ಅಗತ್ಯವಿದ್ದವರಿಗೆ ನೆರವು ಕೊಡುತ್ತವೆ. ಬರಲು ಜನ ಕಾದು ನಿಂತಿರುವಾಗ ಅವುಗಳಿಗೆ ರಿಯಾಯಿತಿಯ ಗೊಡವೆ ಏಕೆ? ಮೆರಿಟ್ ಕೊಡುವುದು ಅವುಗಳ ನಂತರದ ಸಾಲಿನವು: ವೂಸ್ಟರ್, ಲಾರೆನ್ಸ್, ಕಲಮಜೂ, ಹೋಪ್, ಓಬರ್ಲಿನ್, ಗ್ರಿನೆಲ್ ಕೂಡ. ವಿಜ್ಞಾನದಲ್ಲಿ ಇವು ಕಡಿಮೆಯಿಲ್ಲ. ಸೀಟು ತುಂಬಿಸಿಕೊಳ್ಳುವ ಒತ್ತಡ ಹೆಚ್ಚು, ಅಷ್ಟೆ. ಎಂಬತ್ತು ಸಾವಿರ ಡಾಲರ್ ಎಂದು ಬರೆದು, ಮೂವತ್ತು ಸಾವಿರ ಕಳೆದು, ಕಳೆದದ್ದಕ್ಕೆ ಸ್ಕಾಲರ್‌ಶಿಪ್ ಎಂದು ಹೆಸರಿಡುತ್ತಾರೆ. ಅಮೆರಿಕದ ಖಾಸಗಿ ಕಾಲೇಜುಗಳು ಹೊಸ ವಿದ್ಯಾರ್ಥಿಗಳಿಗೆ ಸರಾಸರಿ ಅರ್ಧಕ್ಕಿಂತ ಹೆಚ್ಚು ಬೋಧನಾ ಶುಲ್ಕವನ್ನು ಹೀಗೆ ನಾನಾ ನೆರವಿನ ಹೆಸರಿನಲ್ಲಿ ಬಿಟ್ಟುಕೊಡುತ್ತಿವೆ. ಬರೆದ ಬೆಲೆಗೂ ಕೊಡುವ ಬೆಲೆಗೂ ಇಷ್ಟು ಅಂತರವಿದ್ದರೆ ಬರೆದ ಬೆಲೆ ಸುಳ್ಳು ಎಂದೇ ಹೇಳಬೇಕು.

ಈ ಸುಳ್ಳಿಗೆ ಬಲಿಯಾಗುವವರು ಬಡವರು. ಬರೆದ ಬೆಲೆ ನೋಡಿಯೇ ಹೆದರಿ ಅರ್ಜಿ ಹಾಕದೆ ಉಳಿಯುತ್ತಾರೆ. ಗುಟ್ಟು ಗೊತ್ತಿರುವ, ಐವತ್ತು ಸಾವಿರ ಕೊಡಬಲ್ಲ ಕುಟುಂಬಕ್ಕೆ ಮೂವತ್ತರ ರಿಯಾಯಿತಿ ಸಿಗುತ್ತದೆ. ಅದೇ ಹಣ ಅಗತ್ಯವಿದ್ದವರ ನೆರವಿಗೆ ಹೋಗಬಹುದಿತ್ತು. ಪತ್ರಗಳಾದರೂ ಸ್ಪಷ್ಟವಾಗಿರುತ್ತವೆಯೇ? 2022ರಲ್ಲಿ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ ನೋಡಿದಾಗ, ಹತ್ತರಲ್ಲಿ ಒಂಬತ್ತು ಕಾಲೇಜುಗಳ ಪತ್ರಗಳಲ್ಲಿ ಕುಟುಂಬ ಕೊನೆಗೆ ಕೈಯಿಂದ ಕೊಡಬೇಕಾದ ಮೊತ್ತ ಒಂದೋ ಇರಲೇ ಇಲ್ಲ, ಇಲ್ಲವೇ ಅದನ್ನು ಕಡಿಮೆ ಮಾಡಿ ತೋರಿಸಲಾಗಿತ್ತು.

ಇನ್ನೊಂದು ಲೆಕ್ಕ ಮನೆಯಲ್ಲೇ ಹಾಕಬಹುದು. ಮೆರಿಟ್ ಮೊತ್ತ ಸಾಮಾನ್ಯವಾಗಿ ನಾಲ್ಕೂ ವರ್ಷ ಇದ್ದಷ್ಟೇ ಇರುತ್ತದೆ, ಶುಲ್ಕ ಏರುತ್ತದೆ. ಮೊದಲ ವರ್ಷದ ಖರ್ಚು 80,000, ಮೆರಿಟ್ 30,000, ಏರಿಕೆ ವರ್ಷಕ್ಕೆ ಶೇ. 4 ಎಂದುಕೊಂಡರೆ, ಎರಡು ಲಕ್ಷದಲ್ಲಿ ಮುಗಿಯುತ್ತದೆ ಎಂದುಕೊಂಡದ್ದು ಸುಮಾರು 2,20,000 ಡಾಲರಿಗೆ ಹೋಗಿ ನಿಲ್ಲುತ್ತದೆ. ಜೊತೆಗೆ ನಿಗದಿತ ಜಿಪಿಎ ಉಳಿಸಿಕೊಳ್ಳಬೇಕೆಂಬ ಷರತ್ತೂ ಇರಬಹುದು. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಎಡವಿದ ಹುಡುಗ ವಿಜ್ಞಾನವನ್ನೇ ಬಿಟ್ಟು ಸುಲಭದ ವಿಷಯಕ್ಕೆ ಹೋಗುವುದಕ್ಕೆ ಇಂಥ ಷರತ್ತೇ ಕಾರಣವಾಗಬಹುದು. ವಿಜ್ಞಾನಕ್ಕೆಂದು ಕರೆದ ಹಣ ವಿಜ್ಞಾನದಿಂದ ಅಟ್ಟುವುದು ನನಗೆ ಈ ಪದ್ಧತಿಯ ದೊಡ್ಡ ದೋಷವಾಗಿ ಕಾಣುತ್ತದೆ.

ಅತಿಯಾದ ರಿಯಾಯಿತಿ ಅಪಾಯದ ಗುರುತೂ ಆಗಬಹುದು. ಅಮೆರಿಕದಲ್ಲಿ 2007ರ ನಂತರ ಜನನ ಇಳಿಯುತ್ತ ಬಂದಿದ್ದರಿಂದ ಕಾಲೇಜಿನ ವಯಸ್ಸಿನವರು ಈಗ ಕಡಿಮೆಯಾಗತೊಡಗಿದ್ದಾರೆ. 1868ರಲ್ಲಿ ಶುರುವಾದ ನ್ಯೂಯಾರ್ಕ್ ರಾಜ್ಯದ ವೆಲ್ಸ್ ಕಾಲೇಜು, 1856ರಷ್ಟು ಹಳೆಯದಾದ ಅಲಬಾಮಾದ ಬರ್ಮಿಂಗ್‌ಹ್ಯಾಮ್-ಸದರ್ನ್, ಎರಡೂ 2024ರಲ್ಲಿ ಬಾಗಿಲು ಹಾಕಿದವು. ಬರ್ಮಿಂಗ್‌ಹ್ಯಾಮ್-ಸದರ್ನ್ 2018ರಲ್ಲಿ ಬರೆದ ಬೆಲೆಯನ್ನೇ ಅರ್ಧಕ್ಕಿಳಿಸಿ ನೋಡಿತ್ತು, ಉಳಿಯಲಿಲ್ಲ. ಸ್ಕಾಲರ್‌ಶಿಪ್ ಎಷ್ಟು ಎಂದು ಕೇಳುವ ಮೊದಲು ಕಾಲೇಜಿನ ದತ್ತಿನಿಧಿ ಎಷ್ಟು, ವಿದ್ಯಾರ್ಥಿಗಳ ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಕೇಳಬೇಕು.

ಇಷ್ಟಾದರೂ ಈ ಕಾಲೇಜುಗಳನ್ನು ಬಿಡಿ ಎಂದು ನಾನು ಹೇಳಲಾರೆ. ಪಾಠದ ದೃಷ್ಟಿಯಿಂದ ಇವು ಅಮೆರಿಕದ ಉತ್ತಮ ಶಿಕ್ಷಣ ಸಂಸ್ಥೆಗಳಲ್ಲಿ ಸೇರುತ್ತವೆ. ಬೆಲೆಯ ಪದ್ಧತಿ ಮಾತ್ರ ಅಪ್ರಾಮಾಣಿಕ. ಹುಡುಕುವವರಿಗೆ ಬೇಕಾದ ದಾಖಲೆ ಇದೆ. ‘ಕಾಮನ್ ಡೇಟಾ ಸೆಟ್’ ಎಂಬ ಒಂದೇ ನಮೂನೆಯ ವಿವರಪಟ್ಟಿಯನ್ನು ಅನೇಕ ಕಾಲೇಜುಗಳು ಪ್ರತಿವರ್ಷ ಹೊರತರುತ್ತವೆ. ಅದರ ‘ಎಚ್’ ವಿಭಾಗದಲ್ಲಿ ಅಗತ್ಯವಿಲ್ಲದವರಲ್ಲಿ ಎಷ್ಟು ಜನಕ್ಕೆ ಮೆರಿಟ್ ಸಿಕ್ಕಿತು, ಸರಾಸರಿ ಎಷ್ಟು, ವಿದೇಶಿ ವಿದ್ಯಾರ್ಥಿಗಳಿಗೆ ಎಷ್ಟು ಕೊಟ್ಟರು ಎಂಬುದೆಲ್ಲ ಇರುತ್ತದೆ. ಬಹುಪಾಲು ವಿದ್ಯಾರ್ಥಿಗಳಿಗೆ ಮೆರಿಟ್ ಸಿಕ್ಕಿದ್ದರೆ ಅದು ಬಹುಮಾನವಲ್ಲ, ಆ ಕಾಲೇಜಿನ ನಿಜವಾದ ಶುಲ್ಕ ಎಂದು ತಿಳಿಯಬೇಕು.

ಕರ್ನಾಟಕದಿಂದ ನೇರವಾಗಿ ಹೋಗುವ ಮಕ್ಕಳ ತಂದೆತಾಯಂದಿರಲ್ಲಿ ಒಂದು ಮನವಿ. ಬೇಸಿಗೆ ಸಂಶೋಧನೆಗೆ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಕೊಡುವ ಆರ್‌ಇಯು ಭತ್ಯೆ ಅಲ್ಲಿಯ ನಾಗರಿಕರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ; ಎಫ್-1 ವೀಸಾದ ವಿದ್ಯಾರ್ಥಿಗೆ ಅದು ಸಿಗುವುದಿಲ್ಲ. ಬೇಸಿಗೆಯಲ್ಲಿ ಮಗು ಪ್ರಯೋಗಾಲಯದಲ್ಲಿ ಇರಬೇಕಾದರೆ ಕಾಲೇಜೇ ತನ್ನ ನಿಧಿಯಿಂದ ಹಣ ಕೊಡಬೇಕು. ಕಳೆದ ಬೇಸಿಗೆಯಲ್ಲಿ ಎಷ್ಟು ವಿದೇಶಿ ವಿದ್ಯಾರ್ಥಿಗಳಿಗೆ ಹಾಗೆ ಕೊಟ್ಟಿರಿ ಎಂದು ಇಮೇಲ್ ಬರೆದು ಕೇಳಿ. ಒಪ್ಪಿಗೆ ತಿಳಿಸಲು ಸಾಮಾನ್ಯವಾಗಿ ಮೇ 1ರವರೆಗೆ ಸಮಯವಿರುತ್ತದೆ. ಲಿಖಿತ ಉತ್ತರ ಕೈಗೆ ಬರುವ ತನಕ ಮುಂಗಡ ಕಟ್ಟಬೇಡಿ.