ಪೊಟ್ಟಣದ ಮೇಲಿನ ಬೆಟ್ಟ

ಊರಿಂದ ತಂದ ಪುಡಿ ಮುಗಿದಾಗ ಹೈದರಾಬಾದಿನಲ್ಲಿ ಅರಕು ಕಣಿವೆಯ ಕಾಫಿ ಕೊಂಡೆ. ಯಾವ ಕಂಪನಿಯದು ಅನ್ನೋದು ಬೇಡ. 'ಸಿಂಗಲ್ ಒರಿಜಿನ್' ಎಂದಿತ್ತು; ಅಂದರೆ ಒಂದೇ ಸೀಮೆಯ ಬೀಜ. ಚಿಕೋರಿಗೆ ಒಗ್ಗಿದ ನಾಲಿಗೆಗೆ ಮೊದಲು ತೆಳು ಅನ್ನಿಸಿತು, ತುಸು ಹುಳಿ. ಹಾಲು ಕಡಿಮೆ ಮಾಡಿದ ಮೇಲೆ ರುಚಿ ಹತ್ತಿತು. ಕಾಫಿ ಬಗ್ಗೆ ತಕರಾರಿಲ್ಲ.

ತಕರಾರು ಇರೋದು ಪೊಟ್ಟಣದ ಬರಹದ ಬಗ್ಗೆ. ಮಂಜು, ಬೆಟ್ಟ, ಹಣ್ಣಿನ ಘಮ ಎಲ್ಲ ಇದೆ. ಬೆಳೆದವರು ಮಾತ್ರ 'ಆದಿವಾಸಿಗಳು' ಎಂಬ ಒಂದೇ ಪದದಲ್ಲಿ ಮುಗಿದುಹೋಗುತ್ತಾರೆ. ಪೂರ್ವಘಟ್ಟದ ಸಿಲ್ವರ್ ಓಕ್ ನೆರಳಲ್ಲಿ ಒಂದೆರಡು ಎಕರೆ ಇಟ್ಟುಕೊಂಡವರು ಕೆಂಪಗೆ ಹಣ್ಣಾದದ್ದನ್ನೇ ಆರಿಸಿ ಕೀಳದಿದ್ದರೆ ಆ ಘಮ ಎಲ್ಲಿಂದ ಬರಬೇಕು? ಕಿಲೋ ಹಣ್ಣಿಗೆ ಅವರಿಗೆಷ್ಟು ಸಿಕ್ಕಿತು ಅಂತ ಬರೆಯಲು ಒಂದು ಸಾಲು ಸಾಕಿತ್ತು.

ನಾವೇನು ಕಡಿಮೆಯಿಲ್ಲ ಬಿಡಿ. 2019ರಲ್ಲಿ ಅರಕು ಅರೇಬಿಕಾದ ಜತೆಗೇ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೂ ಭೌಗೋಳಿಕ ಗುರುತು ಬಂತು. ನಮ್ಮಲ್ಲೂ ಕಾಫಿ ಹಿಡುವಳಿಗಳಲ್ಲಿ ಬಹುಪಾಲು ಹತ್ತು ಹೆಕ್ಟೇರಿಗಿಂತ ಸಣ್ಣವು. ಆದರೂ ಪರವೂರಿನಲ್ಲಿ ಕೂತು ನಾವು ನೆನೆಯೋದು ಏಳು ಬೀಜದ ಕತೆಯನ್ನ, ಇಲ್ಲವೇ ಎಸ್ಟೇಟ್ ಬಂಗಲೆಯನ್ನ.

ಕಳೆದ ಸಲ ಊರಿಗೆ ಹೋದಾಗ ಪುಡಿ ಅಂಗಡಿಯಲ್ಲಿ ಕೇಳಿದೆ, "ಇದು ಯಾರ ತೋಟದ್ದು?"

"ಎಲ್ಲಾ ಬೆರೆತೇ ಬರುತ್ತೆ ಸಾರ್. ಚಿಕೋರಿ ಎಷ್ಟು ಹಾಕಲಿ ಹೇಳಿ" ಅಂದರು.