‘ಹಸುರು ಹೊನ್ನು’ ಮತ್ತು ನಮ್ಮ ಬೀದಿಯ ಮರಗಳು

ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಂದಿನಿಂದ ಅದನ್ನು ಅದರ ಹಾಸ್ಯಕ್ಕಾಗಿ, ಗದ್ಯದ ಸೊಗಸಿಗಾಗಿ ಓದುತ್ತ ಬಂದಿದ್ದೇವೆ. ಆದರೆ ಪಾಠ ಹೇಗೆ ಹೇಳಬೇಕೆಂಬುದನ್ನೂ ಅದು ತೋರಿಸಿಕೊಡುತ್ತದೆ ಎಂಬುದನ್ನು ನಮ್ಮ ಶಾಲೆಗಳು ಗಮನಿಸಿದಂತಿಲ್ಲ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಸ್ವಾಮಿ ಇಲ್ಲಿ ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುತ್ತಾರೆ. ಗಿಡದ ಶಾಸ್ತ್ರೀಯ ಹೆಸರು ಅವರಲ್ಲಿ ಒಂಟಿಯಾಗಿ ಬರುವುದಿಲ್ಲ. ಊರವರು ಕರೆಯುವ ಹೆಸರು, ಎಲೆ-ಹೂಗಳ ಲಕ್ಷಣ, ಹಳೆಯ ಸಾಹಿತ್ಯದ ನೆನಪು, ನಡುವೆ ಒಂದು ತಮಾಷೆ, ಎಲ್ಲವೂ ಕೂಡಿಯೇ ಬರುತ್ತವೆ. ಚಿತ್ರಗಳನ್ನೂ ಅವರೇ ಬಿಡಿಸಿದ್ದಾರೆ. ಕಂಡದ್ದನ್ನು ಕೈಯಾರೆ ಬಿಡಿಸಲು ಕುಳಿತಾಗಲೇ ನಾವು ಸರಿಯಾಗಿ ನೋಡಿಲ್ಲವೆಂಬುದು ತಿಳಿಯುವುದು.

ನಮ್ಮ ತರಗತಿಗಳನ್ನು ನೋಡಿ. ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು 1991ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ಪಠ್ಯ ಬಂತು, ಪರೀಕ್ಷೆಯೂ ಬಂತು. ಮರಗಳ ಐದು ಉಪಯೋಗಗಳನ್ನು ತಪ್ಪಿಲ್ಲದೆ ಬರೆದು ಪೂರ್ತಿ ಅಂಕ ಪಡೆಯುವ ಮಗುವಿಗೆ, ಶಾಲೆಯ ಗೇಟಿನ ಬಳಿ ನೆರಳು ಕೊಡುತ್ತಿರುವುದು ಹೊಂಗೆ ಎಂಬುದು ಮಾತ್ರ ಗೊತ್ತಿರುವುದಿಲ್ಲ.

ಸ್ವಾಮಿಯವರ ಕೃತಿಗೂ ಒಂದು ಮಿತಿಯಿದೆ. ಅವರ ಶಿಷ್ಯರು ಕಾಲೇಜಿನವರು, ಅವರ ಪಾಠಶಾಲೆ ಕಾಡು. ಒಂಬತ್ತು ವರ್ಷದ ಮಗುವಿಗೆ ಬೇಕಾದದ್ದು ಅದರ ಬೀದಿ. ಅಲ್ಲಿ ಆರಂಭ ಕಷ್ಟವೇನಲ್ಲ. ಎಲೆಯ ತುದಿ ಬಾಲದಂತೆ ನೀಳವಾಗಿದ್ದರೆ ಅರಳಿ. ಕೊಂಬೆಗಳಿಂದ ಬಿಳಲು ಇಳಿದಿದ್ದರೆ ಆಲ. ಕಾಂಡದ ಮೇಲೆಯೇ ಗೊಂಚಲಾಗಿ ಕಾಯಿ ಬಿಟ್ಟಿದ್ದರೆ ಅತ್ತಿ. ಕರಾವಳಿಯ ಮಗು ಆಲವನ್ನು ಗೋಳಿ ಎಂದರೆ ತಿದ್ದಬೇಕಾಗಿಲ್ಲ, ಎರಡು ಹೆಸರನ್ನೂ ಬರೆದುಕೊಳ್ಳಲಿ. ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂದದ್ದು, ಅದರ ಹೆಸರಿನ ‘ಗುಲ್’ ಪಾರಸಿ ಪದ. ಮಳೆಮರ ಅಮೆರಿಕ ಖಂಡದ್ದು. ದೂರದಿಂದ ಬಂದು ನಮ್ಮ ಬೀದಿಯವೇ ಆಗಿಬಿಟ್ಟ ಇವುಗಳ ಕಥೆಯನ್ನೂ ಮಕ್ಕಳು ಕೇಳಬೇಕು.

ಇದು ಬರೀ ಸಾಮಾನ್ಯ ಜ್ಞಾನದ ಮಾತಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿಯಿದೆ. ಅಂದರೆ ಕಾಯ್ದೆಯೂ ಮರವನ್ನು ಹೆಸರು ಹಿಡಿದೇ ಗುರುತಿಸುತ್ತದೆ. ರಸ್ತೆ ಅಗಲಿಸುವ ಕಾಲಕ್ಕೆ ‘ಯಾವುದೋ ಒಂದು ಮರ’ ಎನ್ನುವವರ ಆಕ್ಷೇಪಣೆಗೆ ಎಷ್ಟು ಬೆಲೆ ಸಿಕ್ಕೀತು?

ಕುರ್‌ಆನ್‌ನ ಅಲ್ ಬಕರ ಅಧ್ಯಾಯದಲ್ಲಿ ಅಲ್ಲಾಹನು ಆದಮರಿಗೆ ಎಲ್ಲ ಹೆಸರುಗಳನ್ನೂ ಕಲಿಸಿದ ಪ್ರಸಂಗವಿದೆ. ಮನುಷ್ಯನಿಗೆ ಸಿಕ್ಕ ಮೊದಲ ಪಾಠವೇ ಹೆಸರುಗಳದ್ದು. ಮದ್ರಸದಲ್ಲಿ ಇದನ್ನು ಕಲಿಯುವ ನಮ್ಮ ಮಕ್ಕಳನ್ನು ಮಸೀದಿಯ ಅಂಗಳದ ಅಥವಾ ಖಬರಸ್ತಾನದ ಮರದ ಹೆಸರೇನೆಂದು ಕೇಳಿ ನೋಡಿ, ಸುಮ್ಮನೆ ಮುಖ ನೋಡುತ್ತಾರೆ. ತಪ್ಪು ಅವರದಲ್ಲ, ಅವರಿಗೆ ಯಾರೂ ತೋರಿಸಿಲ್ಲ. ಉಸ್ತಾದರಾಗಲಿ ಶಾಲೆಯ ಮೇಷ್ಟ್ರಾಗಲಿ ವಾರಕ್ಕೊಂದು ಗಂಟೆ ಮಕ್ಕಳನ್ನು ಹೊರಗೆ ಕರೆದೊಯ್ದರೆ ಸಾಕು. ‘ಹಸುರು ಹೊನ್ನು’ವನ್ನು ಮೊದಲು ಓದಬೇಕಾದವರು ಮಕ್ಕಳಲ್ಲ, ಕಲಿಸುವವರು.