ಹುದ್ದೆ ಕೊಟ್ಟರೆ ಸಾಲದು

ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಸಿಸ್ಟರ್‌ಗಳು 1921ರಲ್ಲಿ ಮಂಗಳೂರಿನಲ್ಲಿ ಸೈಂಟ್ ಆಗ್ನೆಸ್ ಕಾಲೇಜನ್ನು ತೆರೆದಾಗ ಹೆಣ್ಣುಮಗಳೊಬ್ಬಳು ಪದವಿ ಓದುವುದೇ ದೊಡ್ಡ ಸಂಗತಿಯಾಗಿತ್ತು. ಅದೇ ಸಭೆ 1948ರಲ್ಲಿ ಬೆಂಗಳೂರಿನಲ್ಲಿ ಮೌಂಟ್ ಕಾರ್ಮೆಲ್ ಕಾಲೇಜನ್ನು ಕಟ್ಟಿತು. ಮುಂದೆ ಬೇರೆ ಸಭೆಗಳ ಸಿಸ್ಟರ್‌ಗಳಿಂದ ಮೈಸೂರಿನ ತೆರೇಷಿಯನ್, ಬೆಂಗಳೂರಿನ ಕೋರಮಂಗಲದ ಜ್ಯೋತಿ ನಿವಾಸ್ ಬಂದವು. ಹೆಣ್ಣುಮಕ್ಕಳಿಗೆಂದೇ ಕಟ್ಟಿದ ಈ ಕ್ಯಾಥೊಲಿಕ್ ಕಾಲೇಜುಗಳ ಸಾಧನೆ ಹೇಳುವಾಗ ನಾವು ಫಲಿತಾಂಶ, ರ‍್ಯಾಂಕು, ಶಿಸ್ತುಗಳ ಲೆಕ್ಕ ಒಪ್ಪಿಸುತ್ತೇವೆ. ತರಗತಿಯ ಹೊರಗೆ ಅಲ್ಲಿನ ವಿದ್ಯಾರ್ಥಿನಿಯರ ಸಂಘಗಳು ಮಾಡಿದ ಕೆಲಸವನ್ನು ಯಾರೂ ಗಂಭೀರವಾಗಿ ತೂಗಿ ನೋಡುವುದಿಲ್ಲ. ಅದು ತೂಗಿ ನೋಡಲೇಬೇಕಾದ ಕೆಲಸ.

ಹುಡುಗರೂ ಹುಡುಗಿಯರೂ ಓದುವ ಅನೇಕ ಕಾಲೇಜುಗಳಲ್ಲಿ ಕೆಲಸ ಹೇಗೆ ಹಂಚಿಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಪ್ರಾರ್ಥನೆ, ರಂಗೋಲಿ, ಅತಿಥಿಗೆ ಹೂಗುಚ್ಛ ಕೊಡುವುದು ಹುಡುಗಿಯರ ಪಾಲು. ಅಧ್ಯಕ್ಷತೆ, ಹಣಕಾಸು, ಓಡಾಟ ಹುಡುಗರ ಪಾಲು. ಮಹಿಳಾ ಕಾಲೇಜಿನಲ್ಲಿ ಈ ಹಂಚಿಕೆಗೆ ಜಾಗವೇ ಇಲ್ಲ. ಶಾಮಿಯಾನದವನ ಬಳಿ ಚೌಕಾಸಿ ಮಾಡುವವಳೂ ಮೈಕು ಕೈಕೊಟ್ಟಾಗ ಸಭೆಯನ್ನು ಸಂಭಾಳಿಸುವವಳೂ ಹುಡುಗಿಯೇ. ಇಪ್ಪತ್ತರೊಳಗೇ ಒಮ್ಮೆ ಸಭೆ ನಡೆಸಿದವಳಿಗೆ ಮುಂದೆ ಕಚೇರಿಯಲ್ಲಾಗಲಿ ಪಂಚಾಯತಿಯಲ್ಲಾಗಲಿ ಎದ್ದು ನಿಂತು ಮಾತಾಡಲು ಯಾರ ಅನುಮತಿಯೂ ಬೇಕಾಗುವುದಿಲ್ಲ. ಮಂಗಳೂರಿನಲ್ಲಿ ಹುಟ್ಟಿದ ಮಾರ್ಗರೆಟ್ ಆಳ್ವ ಮೌಂಟ್ ಕಾರ್ಮೆಲ್‌ನಲ್ಲಿ ಓದುವಾಗ ಒಳ್ಳೆಯ ಚರ್ಚಾಪಟುವೆಂದು ಹೆಸರಾಗಿದ್ದರು. 1974ರಲ್ಲಿ ರಾಜ್ಯಸಭೆಗೆ ಹೋದರು. ಅವರ ಏಳಿಗೆಗೆ ಚರ್ಚಾಕೂಟವೊಂದೇ ಕಾರಣವೆಂದು ಹೇಳಲಾಗದು. ಆದರೆ ಮಾತಿನ ಕಸುಬು ಕಾಲೇಜು ವೇದಿಕೆಯಲ್ಲೇ ಪಳಗಿತ್ತು ಎಂಬುದು ಸಣ್ಣ ಮಾತಲ್ಲ.

ಇನ್ನೊಂದು ಗುಣವನ್ನೂ ಒಪ್ಪಿಕೊಳ್ಳಬೇಕು. ‘ಸಿಸ್ಟರ್ ಇದ್ದಾರಲ್ಲ’ ಎಂಬ ಒಂದೇ ಮಾತಿನ ಮೇಲೆ ಎಷ್ಟೋ ತಂದೆತಾಯಿ ಮಗಳನ್ನು ಸಂಜೆಯ ನಾಟಕದ ತಾಲೀಮಿಗೆ, ಊರಾಚೆಯ ಶಿಬಿರಕ್ಕೆ ಕಳಿಸುತ್ತಾರೆ. ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ವಿಶೇಷ ಶಿಬಿರವನ್ನೇ ನೋಡಿ. ಹಳ್ಳಿಯ ಶಾಲೆಯಲ್ಲಿ ವಾಸ, ಬೆಳಿಗ್ಗೆ ಶ್ರಮದಾನ, ಸರದಿಯಲ್ಲಿ ಅಡುಗೆ, ಮಧ್ಯಾಹ್ನ ಮನೆಮನೆಯ ಸಮೀಕ್ಷೆ, ರಾತ್ರಿ ಊರವರ ಎದುರು ಕಿರುನಾಟಕ. ಮನೆಯಿಂದ ಒಂದು ರಾತ್ರಿಯೂ ಹೊರಗೆ ಉಳಿಯದ ಹುಡುಗಿ ಇಲ್ಲಿ ಬೇರೆ ಜಾತಿಯ, ಬೇರೆ ಧರ್ಮದ ಗೆಳತಿಯ ಪಕ್ಕ ಚಾಪೆ ಹಾಸಿ ಮಲಗುತ್ತಾಳೆ, ಒಂದೇ ಪಾತ್ರೆಯಿಂದ ಬಡಿಸಿಕೊಂಡು ಉಣ್ಣುತ್ತಾಳೆ. 1924ರಲ್ಲಿ ಹುಟ್ಟಿದ ವಿದ್ಯಾರ್ಥಿ ಸಂಘಟನೆಯಾದ ಅಖಿಲ ಭಾರತ ಕ್ಯಾಥೊಲಿಕ್ ವಿಶ್ವವಿದ್ಯಾಲಯ ಒಕ್ಕೂಟ, ಅಂದರೆ ಐಕಫ್ ಕೂಡ 1970ರ ದಶಕದಿಂದ ಬರೀ ಭಕ್ತಿಯ ಸಂಘವಾಗಿ ಉಳಿಯದೆ ಸಾಮಾಜಿಕ ನ್ಯಾಯದ ಪ್ರಶ್ನೆಗಳತ್ತ ಹೊರಳಿತು. ಪರಂಪರೆ ಗಟ್ಟಿಯಾಗಿಯೇ ಇದೆ.

ಆದರೆ ಇಂದು ನಡೆಯುತ್ತಿರುವುದೇನು? ಬಹುಪಾಲು ಸಂಘಗಳ ವರ್ಷ ಉದ್ಘಾಟನೆಯಲ್ಲಿ ಶುರುವಾಗಿ ವರದಿಯಲ್ಲಿ ಮುಗಿಯುತ್ತದೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಅತಿಥಿಯ ಪರಿಚಯ, ಅತಿಥಿಯ ಭಾಷಣ, ಪ್ರಾಂಶುಪಾಲರ ಹಿತವಚನ, ವಂದನಾರ್ಪಣೆ. ಒಂದೂವರೆ ಗಂಟೆಯ ಸಭೆಯಲ್ಲಿ ವಿದ್ಯಾರ್ಥಿನಿಯ ಸ್ವಂತ ಮಾತು ಐದು ನಿಮಿಷವೂ ಇರುವುದಿಲ್ಲ. ಆ ಐದು ನಿಮಿಷವನ್ನೂ ಮೇಡಂ ತಿದ್ದಿಕೊಟ್ಟಿರುತ್ತಾರೆ. ಕೊನೆಗೆ ಬ್ಯಾನರಿನ ಮುಂದೆ ಎಲ್ಲರೂ ನಿಂತು ಸ್ಥಳ, ದಿನಾಂಕ, ವೇಳೆ ಮೂಡುವ ಜಿಯೋಟ್ಯಾಗ್ ಫೋಟೊ ತೆಗೆಸಿಕೊಳ್ಳುತ್ತಾರೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನಕ್ಕೆ ಇಂಥ ದಾಖಲೆ ಬೇಕು. ದಾಖಲೆ ಕೇಳುವುದು ತಪ್ಪಲ್ಲ. ಆದರೆ ದಾಖಲೆಗೆಂದೇ ಕಾರ್ಯಕ್ರಮ ಹುಟ್ಟತೊಡಗಿದಾಗ ಸಂಘಗಳ ಸಂಖ್ಯೆ ಬೆಳೆಯುತ್ತದೆ, ಸತ್ವ ಸೊರಗುತ್ತದೆ. ಒಬ್ಬಳೇ ಹುಡುಗಿ ಪರಿಸರ ಸಂಘ, ಗ್ರಾಹಕ ವೇದಿಕೆ, ಮತದಾರರ ಜಾಗೃತಿ ಕ್ಲಬ್ ಮೂರರಲ್ಲೂ ಹೆಸರು ಕೊಟ್ಟು ಒಂದರಲ್ಲೂ ಕೆಲಸ ಮಾಡಿರುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ನಿರ್ಧಾರದ್ದು. ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ ಎಂದು ಬ್ಯಾಡ್ಜು ತೊಡಿಸುತ್ತೇವೆ. ವಿಷಯ ಯಾವುದು, ಅತಿಥಿ ಯಾರು, ಖರ್ಚು ಎಷ್ಟು ಎಂಬ ಮೂರೂ ಪ್ರಶ್ನೆಗಳಿಗೆ ಉತ್ತರ ಮಾತ್ರ ಸಿಬ್ಬಂದಿ ಕೊಠಡಿಯಲ್ಲಿ ಸಿದ್ಧವಾಗುತ್ತದೆ. ಹಾಗಾಗಿ ಮಹಿಳಾ ದಿನಾಚರಣೆಗೆ ‘ಹೆಣ್ಣು ಸಂಸಾರದ ಕಣ್ಣು’ ಧಾಟಿಯ ಉಪನ್ಯಾಸ ಬರುತ್ತದೆ. ಮದುವೆ, ವರದಕ್ಷಿಣೆ, ಆಸ್ತಿ ಹಕ್ಕು, ಬಸ್ಸಿನ ಕಿರುಕುಳದ ಬಗ್ಗೆ ಹುಡುಗಿಯರೇ ಚರ್ಚಿಸಬೇಕಾದ ಸಭೆ ಬರುವುದಿಲ್ಲ. ಭದ್ರತೆ ಕೊಟ್ಟ ಕೈಯೇ ಇಲ್ಲಿ ಬಾಯಿಗೂ ಅಡ್ಡ ಬರುತ್ತಿದೆ.

ಯಾರಿಗೆ ಅವಕಾಶ ಸಿಗುತ್ತದೆ ಎಂಬುದನ್ನೂ ಕೇಳಬೇಕು. ಸಂಘದ ಸಭೆಗಳು ತರಗತಿ ಮುಗಿದ ಮೇಲೆ ನಡೆಯುತ್ತವೆ. ದೂರದ ಊರಿನ ಹುಡುಗಿಗೆ ಆ ಹೊತ್ತಿಗೆ ಬಸ್ಸು. ವೇದಿಕೆಯ ಭಾಷೆ ಇಂಗ್ಲಿಷ್; ಕನ್ನಡ ಮಾಧ್ಯಮದಿಂದ ಬಂದವಳು ಕೊನೆಯ ಸಾಲಿನಲ್ಲೇ ಉಳಿಯುತ್ತಾಳೆ. ಅವಳದೇ ಆಗಬೇಕಿದ್ದ ಕನ್ನಡ ಸಂಘಕ್ಕೆ ನವೆಂಬರ್ ಬಂದಾಗಲೇ ಜೀವ. ಹೀಗೇ ಇರಬೇಕೆಂದೇನೂ ಇಲ್ಲ. ಕ್ಯಾಥೊಲಿಕ್ ಗುರುಗಳೇ ನಡೆಸುವ ಬೆಂಗಳೂರಿನ ಅಂದಿನ ಕ್ರೈಸ್ಟ್ ಕಾಲೇಜಿನಲ್ಲಿ ಚಿ. ಶ್ರೀನಿವಾಸರಾಜು ಕಟ್ಟಿ ಬೆಳೆಸಿದ ಕನ್ನಡ ಸಂಘ ಪುಸ್ತಕಗಳನ್ನು ಪ್ರಕಟಿಸಿತು, ಬೇಂದ್ರೆಯವರ ಹೆಸರಿನಲ್ಲಿ ಕಾವ್ಯಸ್ಪರ್ಧೆ ನಡೆಸಿ ವಿದ್ಯಾರ್ಥಿ ಕವಿಗಳನ್ನು ನಾಡಿಗೆ ಪರಿಚಯಿಸಿತು. ಇಂಗ್ಲಿಷ್ ವಾತಾವರಣದ ಕಾಲೇಜಿನಲ್ಲೇ ಅದು ಸಾಧ್ಯವಾಯಿತು. ನೂರು ವರ್ಷ ದಾಟಿದ ಮಹಿಳಾ ಕಾಲೇಜುಗಳ ಪರಂಪರೆಗೆ ಅಂಥದ್ದೊಂದು ಸಂಘ ಹೊರೆಯಲ್ಲ.

ಈ ಸಂಘಗಳು ಬೇಡವೆಂದು ನಾನು ಹೇಳುತ್ತಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಸಾರ್ವಜನಿಕ ಬದುಕಿನ ಮೊದಲ ತಾಲೀಮು ಸಿಗುವ ಜಾಗಗಳಲ್ಲಿ ಇವೂ ಸೇರಿವೆ. ಆದ್ದರಿಂದಲೇ ಇವು ನಾಮಕಾವಸ್ತೆಯಾಗುವುದನ್ನು ಸಹಿಸಬಾರದು. ಸಂಘಗಳು ಕಡಿಮೆಯಾಗಲಿ, ಕೆಲಸ ಹೆಚ್ಚಲಿ. ಸಭೆಗಳು ತರಗತಿಯ ವೇಳೆಯೊಳಗೇ ನಡೆಯಲಿ. ನಡಾವಳಿ ಪುಸ್ತಕವನ್ನೂ ಲೆಕ್ಕದ ಪುಸ್ತಕವನ್ನೂ ವಿದ್ಯಾರ್ಥಿನಿಯರೇ ಬರೆಯಲಿ. ವರ್ಷದ ಕೊನೆಗೆ ಸದಸ್ಯೆಯರ ಎದುರು ಓದಿ ಹೇಳಲಿ. ಅವರು ಆರಿಸಿದ ವಿಷಯ ನಮಗೆ ಇರಿಸುಮುರುಸು ತಂದರೂ ಚರ್ಚೆ ನಡೆಯಲಿ. ಪ್ರಾಂಶುಪಾಲರಲ್ಲೂ ಅಧ್ಯಾಪಕರಲ್ಲೂ ನನ್ನ ಮನವಿ ಇಷ್ಟೇ: ಬ್ಯಾಡ್ಜು ಕೊಟ್ಟಿದ್ದೀರಿ, ಅದರೊಂದಿಗೆ ನಿರ್ಧರಿಸುವ ಹಕ್ಕನ್ನೂ ಈ ವರ್ಷದಿಂದಲೇ ಕೊಡಿ.